ಉಪ್ಪು ನೋಡುವ ಸಿದ್ದ

ಉಪ್ಪು ನೋಡದೆ ಯಾರಿಗೂ ಮುದ್ದೆ ಇಕ್ಕುವವನಲ್ಲ ಸಿದ್ದ. ಮುದ್ದೆ ಕಾಡುಹಂದಿಗಾದರೂ ಅಷ್ಟೇ.

ಜೀರಹಳ್ಳಿ ಕಾಡಿನ ಹಂದಿಗಳು ಎಲ್ಲೆಲ್ಲಿ ಓಡಾಡುತ್ತವೆ ಎಂದು ತಿಳಿಯಲು ಕಾಲೇಜಿನವರು ಬಂದು ನಮ್ಮ ಹೊಲದ ಕೊಟ್ಟಿಗೆಯಲ್ಲಿ ಇಳಿದುಕೊಂಡಿದ್ದರು. ಲ್ಯಾಬಿನ ಗುಲಾಬಿ ಪುಡಿಯನ್ನು ರಾಗಿಮುದ್ದೆಗೆ ಕಲಸಿ ಕಾಡಲ್ಲಿಡುವುದು. ತಿಂದ ಹಂದಿಯ ಮೀಸೆ ನೀಲಿ ದೀಪಕ್ಕೆ ಹೊಳೆಯುತ್ತದಂತೆ. ಮುದ್ದೆ ಕಟ್ಟಲು ನಮ್ಮ ಕೂಲಿಯಾಳು ಸಿದ್ದನನ್ನು ಇಟ್ಟುಕೊಂಡರು. ಪುಡಿ ಬಾಯಿಗೆ ತಾಗಿದರೆ ಕೆಲಸ ಹೋಯಿತು ಎಂದು ಮೊದಲೇ ಹೇಳಿದ್ದರು.

"ಅಂದಿಗ ಉಪ್ಪು ಯಾಕ್ಲಾ?" ಎಂದು ನಕ್ಕಿದ್ದೆ.

"ಅದ್ಕೂ ನಾಲ್ಗ ಅದ ಕಣ್ರವ್ವ. ಸಪ್ಪ ಇಕ್ಬುಟ್ಟು ಬಂದ್ರ ನಂಗ ನಿದ್ದ ಬರಲ್ಲ."

ತಿಂಗಳೊಳಗೆ ಅವನು ಟವೆಲಿನಿಂದ ಬಾಯಿ ಮುಚ್ಚಿಕೊಂಡೇ ಓಡಾಡತೊಡಗಿದ. ಎಲೆಯಡಿಕೆ ಜಾಸ್ತಿಯಾಗಿದೆ ಅಂದುಕೊಂಡೆವು.

ಒಂದು ಬೆಳಿಗ್ಗೆ ನನ್ನ ಮೊಮ್ಮಗಳು ಪುಟ್ಟಿ ಕೊಟ್ಟಿಗೆಯಲ್ಲಿ ಕಿರುಚಿದಳು. ಓಡಿದೆ. ಮೂರು ವರ್ಷದ ಕೂಸಿನ ಕೈಗೆ ಹೊಡೆದು, ಬಾಯೊಳಗೆ ಬೆರಳು ಹಾಕಿದ್ದ ಸಿದ್ದ.

"ನಮ್ ಕೂಸ್ನ ಮುಟ್ಟಿ ಒಡ್ದಿಯೇನ್ಲಾ? ಬಾಯ್ ಬುಟ್ಟು ಮಾತಾಡು" ಅಂದೆ.

ಅವನು ಬಾಯಿಯ ಮೇಲಿನ ಟವೆಲನ್ನು ಇನ್ನೂ ಬಿಗಿಹಿಡಿದು ನಿಂತ. ಒಳಗೆ ನಗುತ್ತಿದ್ದಾನೆ ಅನ್ನಿಸಿತು. ಹೊಲಕ್ಕೆ ಕಾಲಿಡಬೇಡ ಎಂದು ಅಟ್ಟಿಬಿಟ್ಟೆ. 'ಮುಟ್ಟಿ' ಎಂಬ ಮಾತೂ ನನ್ನದೇ, ಮುಚ್ಚಿಡುವುದಿಲ್ಲ.

ವಾರದ ಮೇಲೆ ಕಾಲೇಜಿನ ಹುಡುಗಿ ಅವನನ್ನು ಹುಡುಕಿಕೊಂಡು ಹೋದಳು. ಟವೆಲು ಸರಿಸಿದರೆ ಹಲ್ಲೆಲ್ಲ ಗುಲಾಬಿ. ನೀಲಿ ದೀಪ ಬಿಟ್ಟಾಗ ಕೆಂಡದಂತೆ ಉರಿದವಂತೆ. ಹಲ್ಲಿನ ಕೊಳೆ ಕೆರೆದು ಲ್ಯಾಬಿಗೆ ಒಯ್ದು ನೋಡಿದಳು. ಅದೇ ಪುಡಿಯ ಬಣ್ಣ. ಸಿದ್ದ ತನ್ನ ಮಾತೇ ಎತ್ತಲಿಲ್ಲವಂತೆ.

"ನಂದಿರ್ಲಿ ಕಣವ್ವ. ಅವ್ವಾರ ಮನ ಕೂಸು ಒಂದ್ ತುತ್ತು ಬಾಯ್ಗ ಇಟ್ಕಂಡಿತ್ತು. ನಾ ಎಲ್ಲಾ ತಗದಿವ್ನಿ. ಆದ್ರೂ ಒಂದ್ಸಲ ನೋಡು."

ಅವಳು ನಮ್ಮಲ್ಲಿಗೆ ಬಂದು ಪುಟ್ಟಿಯ ಬಾಯಿಗೆ ದೀಪ ಬಿಟ್ಟಳು. ಗುಲಾಬಿಯ ಸುಳಿವೇ ಇಲ್ಲ, ಕಾಯಿತುರಿಯಂಥ ಬಿಳುಪು. ಇಪ್ಪತ್ತೂ ಹಲ್ಲು ಎಣಿಸಿದೆ, ಮತ್ತೆ ಎಣಿಸಿದೆ, ಈ ವಯಸ್ಸಿನಲ್ಲಿ ಅಂಗಳದಲ್ಲೆಲ್ಲ ಕುಣಿದೆ. ಇವತ್ತಿಗೂ ಪುಟ್ಟಿ ನಕ್ಕರೆ ಹಲ್ಲು ಎಣಿಸುತ್ತೇನೆ.

ಸಿದ್ದ ಆಗಲೇ ಹೊಟ್ಟೆನೋವಿನಿಂದ ಮಲಗಿದ್ದ. ಪುಡಿಯಿಂದಲೋ ಬೇರೆ ಯಾವುದರಿಂದಲೋ, ಡಾಕ್ಟರು ಹೇಳಲಿಲ್ಲ. ಪುಟ್ಟಿಯನ್ನು ಎತ್ತಿಕೊಂಡು ಮೊದಲ ಸಲ ಅವರ ಕೇರಿಗೆ ಹೋದೆ.

"ತಪ್ಪಾಯ್ತು ಸಿದ್ದಯ್ಯ."

"ಬುಡ್ರವ್ವ. ಕೂಸ್ಗ ಏನೂ ಆಗಿಲ್ವಲ್ಲ?" ಎಂದು ಕೈ ಚಾಚಿದ.

ಪುಟ್ಟಿ ತನ್ನ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ನಾ ಒಡ್ದದ್ದು ಅದ್ಕ ನೆಪ್ಪು ಅದ" ಎಂದು ಗೋಡೆಯ ಕಡೆ ತಿರುಗಿಕೊಂಡ.

ಹೊಡೆದದ್ದು ಯಾಕೆಂದು ಅವಳಿಗೆ ತಿಳಿಯುವ ವಯಸ್ಸಾಗುವ ಮೊದಲೇ, ಮೂರನೆಯ ದಿನ, ಸಿದ್ದ ಹೋದ.