ಅಣ್ಣ ಹರಗೋಲು ಹತ್ತಿದ ವರ್ಷ

ಅಣ್ಣನ ಪರವಾಗಿ ನಾನು ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳಿದ್ದರೆ ಅವನು ಮನೆಯಲ್ಲೇ ಉಳಿಯುತ್ತಿದ್ದ.

ಮೊನ್ನೆ ಮಳೆಯಲ್ಲಿ ನೆನೆದು ಬಂದ ನನ್ನ ಮಗ ಚರ್ಮದ ಚಪ್ಪಲಿಗಳನ್ನು ಬಚ್ಚಲ ಒಲೆಯ ಮುಂದೆ ಒಣಗಲು ಇಟ್ಟಿದ್ದ. ಒದ್ದೆ ಚರ್ಮ ಕಾವಿಗೆ ಬಿಡುವ ಆ ವಾಸನೆ... ನೀರು ಕಾಯಿಸಲು ಹೋದವಳು ಅಲ್ಲೇ ಕೂತುಬಿಟ್ಟೆ. ಅಣ್ಣನ ಪಂಚೆಯಲ್ಲೂ ಇದೇ ವಾಸನೆ ಇರುತ್ತಿತ್ತು. ಹರಗೋಲಿಗೆ ಹೊದಿಸಿದ ಎಮ್ಮೆ ಚರ್ಮದ ವಾಸನೆ. ಮನೆಗೆ ಬರುವ ಮೊದಲು ಪಂಚೆಯನ್ನು ಕಾಲುವೆಯಲ್ಲಿ ಉಜ್ಜಿ ಉಜ್ಜಿ ಒಗೆಯುತ್ತಿದ್ದ. ಪೂರ್ತಿ ಹೋಗುತ್ತಿರಲಿಲ್ಲ.

ನನ್ನ ತವರು ಕೊಳ್ಳೇಗಾಲ ತಾಲ್ಲೂಕಿನ ಹೊಳೆದಡದ ಊರು. ನಮ್ಮ ಸೀಮೆ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರಿಗೆ ಸೇರಿ ಕೆಲವೇ ವರ್ಷಗಳಾಗಿದ್ದ ಕಾಲ. ನಮ್ಮದು ಲಿಂಗ ಕಟ್ಟಿದ ಮನೆತನ. ಗಂಡು ಹೆಣ್ಣೆನ್ನದೆ ಎಲ್ಲರ ಕೊರಳಲ್ಲೂ ಲಿಂಗ. ಮೀನು ಹೊಸಿಲು ದಾಟುವುದಿರಲಿ, ಮೀನು ಮಾರುವವರು ನಮ್ಮ ಬೀದಿಯಲ್ಲಿ ಕೂಗುತ್ತಲೂ ಇರಲಿಲ್ಲ. ನಾಲ್ಕನೇ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಿದ ಮೇಲೆ, ಹೊಳೆ ಪಕ್ಕದ ಗದ್ದೆಗೆ ಅಣ್ಣನಿಗೆ ಬುತ್ತಿ ಒಯ್ಯುವುದು ನನ್ನ ಕೆಲಸವಾಯಿತು.

ಗದ್ದೆಯ ಕೆಳಗೆ ಒಬ್ಬ ಬೆಸ್ತರ ಮುದುಕ ಹರಗೋಲು ಕಟ್ಟುತ್ತಿದ್ದ. ಜನರನ್ನು ದಾಟಿಸುತ್ತಿದ್ದ, ಬಿಡುವಾದಾಗ ಗಾಳ ಹಾಕುತ್ತಿದ್ದ. ಅಣ್ಣ ಊಟ ಮಾಡುತ್ತಾ ಅವನನ್ನೇ ನೋಡುತ್ತಿದ್ದ. ಒಂದು ದಿನ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗಿ, "ನನ್ನೂ ಕೂರಿಸ್ಕೊಳ್ಳಜ್ಜ" ಎಂದ. ಹರಗೋಲಿನ ಅಂಚಿಗೆ ಕಾಲಿಟ್ಟ. ಬುಟ್ಟಿ ಮಗುಚಿತು. ಅಣ್ಣ ಸೊಂಟದವರೆಗೆ ನೀರಲ್ಲಿ ನಿಂತಿದ್ದ.

ಮುದುಕನಿಗೆ ನಗು ತಡೆಯಲಾಗಲಿಲ್ಲ. "ಅದೇನು ನಿಮ್ಮನೆ ಜಗುಲಿನಾ ಬುದ್ದಿ, ಅಂಚಲ್ ಕೂರಕ್ಕೆ? ನಡುವಿಗೆ ಕಾಲಿಡಿ, ತಕ್ಷಣ ಕೂತ್ಕಳಿ. ನಿಂತಿರಾ, ಮೀನೇ ನಿಮ್ಮ ಇಡ್ಕಂಡೋಯ್ತದೆ."

ಹುಟ್ಟು ಹಾಕುವುದು ಇನ್ನೂ ಕಷ್ಟದ್ದು. ಹರಗೋಲಿಗೆ ಹಿಂದು ಮುಂದು ಇಲ್ಲ, ಬರೀ ಗುಂಡಗಿನ ಬುಟ್ಟಿ. ಒಂದೇ ಪಕ್ಕಕ್ಕೆ ಹುಟ್ಟು ಹಾಕಿದರೆ ನಿಂತಲ್ಲೇ ಸುತ್ತುತ್ತದೆ. ಅಣ್ಣ ಎಷ್ಟೋ ದಿನ ಸುತ್ತಿದ. "ಗಾಣದೆತ್ತಾದ್ರಲ್ಲ ಬುದ್ದಿ, ಎಣ್ಣೆ ಎಷ್ಟು ಬಂತು?" ಎಂದು ಮುದುಕ ದಡದಿಂದ ಕೂಗುತ್ತಿದ್ದ. ಆಮೇಲೆ ತಾನೇ ಇಳಿದು ತೋರಿಸಿಕೊಟ್ಟ. ಮುಂದೆ ಮೊಣಕಾಲೂರಿ ಕೂರಬೇಕು, ಹುಟ್ಟನ್ನು ಎದುರಿಗೆ ಅದ್ದಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಮಡು ಸಿಕ್ಕ ಮೇಲೆ ಹಗ್ಗಕ್ಕೆ ಕಟ್ಟಿದ ಕಲ್ಲನ್ನು ಸದ್ದಾಗದಂತೆ ಇಳಿಬಿಡಬೇಕು. ಗಾಳಕ್ಕೆ ರಾಗಿ ಹಿಟ್ಟಿನ ಉಂಡೆ ಚುಚ್ಚಿ ಬಿಟ್ಟು, ದಾರವನ್ನು ಬೆರಳಿಗೆ ತಾಗಿಸಿಕೊಂಡು ಸುಮ್ಮನಿರಬೇಕು. ದೊಡ್ಡ ಮೀನು ಕಚ್ಚಿದರೆ ಹರಗೋಲೇ ತಿರುಗುತ್ತದೆ. ಆಗ ಎದ್ದು ನಿಲ್ಲಬಾರದು, ಜಗ್ಗಬಾರದು, ಅದಕ್ಕೆ ದಣಿವಾಗುವವರೆಗೆ ಅದು ಎಳೆದತ್ತ ತಿರುಗಬೇಕು.

ಒಬ್ಬನೇ ಹೋಗುವಷ್ಟು ಕಲಿತ ದಿನ ಅಣ್ಣ ತನ್ನ ಕೊರಳ ಶಿವದಾರ ಬಿಚ್ಚಿ, ಬೆಳ್ಳಿಯ ಕರಡಿಗೆಯನ್ನು ಲಿಂಗ ಸಮೇತ ನನ್ನ ಕೈಗಿಟ್ಟ. ನಾನು ಹೆದರಿದೆ. ಲಿಂಗ ಮೈಯಿಂದ ದೂರವಾದರೆ ಪ್ರಾಣ ದೂರವಾದಂತೆ ಎಂದು ನಮಗೆ ಕಲಿಸಿದ್ದರು.

"ಮೀನು ಮುಟ್ಟೋ ಕೈಲಿ ಇದ ಮುಟ್ಬಾರ್ದು ಕಣಮ್ಮಿ. ನೆಲದ್ ಮ್ಯಾಲೂ ಮಡಗಂಗಿಲ್ಲ. ನೀನೂ ಲಿಂಗ ಕಟ್ಟಿರೋಳು. ನಾ ಮಿಂದು ಬರೋಗಂಟ ನಿನ್ನತ್ರ ಇರ್ಲಿ" ಎಂದ.

ಅಂದಿನಿಂದ ಅವನು ನೀರಿಗಿಳಿದಷ್ಟು ಹೊತ್ತು ನಾನು ಅತ್ತಿಮರದ ಕೆಳಗೆ, ಅವನ ಮೈಬಿಸಿ ಆರದ ಕರಡಿಗೆಯನ್ನು ಎದೆಗೊತ್ತಿಕೊಂಡು ಕೂತಿರುತ್ತಿದ್ದೆ. ಎಲ್ಲವನ್ನೂ ನೋಡಿದ್ದೇನೆ. ಗಾಳ ಬಿಡಿಸುವಾಗ ಮೀನಿಗೆ "ತಡ್ಯೋ, ತಡ್ಯೋ ಆಯ್ತು" ಎನ್ನುತ್ತಿದ್ದ. ಚಿಕ್ಕವನ್ನು ಹೊಳೆಗೇ ಬಿಡುತ್ತಿದ್ದ, ದೊಡ್ಡವನ್ನು ಮುದುಕನಿಗೆ ಕೊಡುತ್ತಿದ್ದ. ಮಿಂದು ಬಂದು, ವಿಭೂತಿ ಹಚ್ಚಿ, ಲಿಂಗ ಕಟ್ಟಿಕೊಂಡು ಉಳಿದ ಮುದ್ದೆ ಉಣ್ಣುತ್ತಿದ್ದ.

"ತಿನ್ನದಿಲ್ಲ, ಮಾರದಿಲ್ಲ. ಮತ್ಯಾಕಣ್ಣ?" ಎಂದು ಒಮ್ಮೆ ಕೇಳಿದ್ದೆ.

"ಯಾವ್ದೋ ಜೀವ, ಕಣ್ಗೇ ಕಾಣಲ್ಲ. ದಾರದ ಆ ತುದೀಲಿ ಐತೆ ಅಂತ ಬೆರಳಿಗೆ ಮಾತ್ರ ಗೊತ್ತಾಯ್ತದೆ. ಅದ ಎಂಗಮ್ಮಿ ಯೋಳದು..." ಎಂದು ನಕ್ಕ. ನನಗೆ ಅರ್ಥವಾಗಲಿಲ್ಲ. ಅವನು ಅಷ್ಟು ಸಂತೋಷವಾಗಿದ್ದುದನ್ನು ಮಾತ್ರ ನಾನು ಬೇರೆಲ್ಲೂ ನೋಡಲಿಲ್ಲ.

ಎಳಂದೂರಿನಿಂದ ನನಗೆ ಸಂಬಂಧ ಬಂದದ್ದೂ ಆ ವರ್ಷವೇ. ಮಾತುಕತೆ ನಡೆಯುತ್ತಿರುವಾಗಲೇ, ಅಣ್ಣನ ಕೈಯಲ್ಲಿ ಒದ್ದಾಡುತ್ತಿದ್ದ ಮೀನನ್ನು ನಮ್ಮ ಕುಲದವರೊಬ್ಬರು ಆಚೆ ದಡದಿಂದ ಕಂಡರು. ಸಂಜೆಗೆ ಊರೆಲ್ಲ ಸುದ್ದಿ. ಮರುದಿನ ನಮ್ಮ ಜಗುಲಿಯ ಮೇಲೆ ಹಿರಿಯರೂ ಮಠದ ಅಯ್ಯನವರೂ ಕೂತರು. ಅಣ್ಣ ಅಂಗಳದಲ್ಲಿ ನಿಂತಿದ್ದ. ನಾನು, ಅವ್ವ ಬಾಗಿಲ ಹಿಂದೆ.

"ಮೀನು ಇಡ್ದದ್ದು ದಿಟವೇನ್ಲಾ?" ಹಿರಿಯರೊಬ್ಬರು ಕೇಳಿದರು.

"ದಿಟ."

"ತಿಂದ್ಯಾ?"

"ಇಲ್ಲ."

"ತಿನ್ನದೆ ಇದ್ದೋನು ಯಾಕ್ಲಾ ಇಡ್ದಾನು? ತೊಟ್ಲಲ್ಲಾಕಿ ತೂಗಕ್ಕಾ?" ಎಂದರು. ಎಲ್ಲರೂ ನಕ್ಕರು. ಹಿಡಿದವನು ತಿನ್ನದೆ ಇರಬಹುದೆಂದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ಮೀನನ್ನು ಹತ್ತಿರದಿಂದ ಕಂಡವರೇ ಅಲ್ಲ ಅವರು.

ಅಯ್ಯನವರು ಮಾತ್ರ ನಗಲಿಲ್ಲ. "ನೀರಿಗಿಳಿವಾಗ ಲಿಂಗ ಎಲ್ಲಿತ್ತಪ್ಪ? ಲಿಂಗವಂತರ ಕೈಲಿ ಜೋಪಾನವಾಗಿದ್ರೆ ಮಠದಲ್ಲಿ ಪ್ರಾಯಶ್ಚಿತ್ತ ಮಾಡಿಸಿ ಒಳಗೆ ಕರ್ಕೋಬೋದು. ಯಾರಾದ್ರೂ ಕಂಡೋರು ಇದ್ರೆ ಹೇಳ್ಲಿ" ಎಂದರು.

ಅವ್ವ ನನ್ನ ಮಣಿಕಟ್ಟು ಹಿಡಿದಳು. "ಬಾಯ್ಬಿಟ್ಟೀಯ, ಜ್ವಾಕೆ" ಎಂದು ಕಿವಿಯಲ್ಲಿ ಉಸುರಿದಳು. "ಬೆಸ್ತರ ದಡದಲ್ಲಿ ಕೂತಿದ್ದೋಳು ಅಂದ್ರೆ ಎಳಂದೂರೋರು ಬಂದ ದಾರೀಲೆ ವಾಪಸ್ ಓಯ್ತಾರೆ."

ಅಣ್ಣ ಬಾಗಿಲ ಕಡೆ ಒಮ್ಮೆ ನೋಡಿದ. ಕತ್ತಲಲ್ಲಿದ್ದ ನಾನು ಅವನಿಗೆ ಕಂಡೆನೋ ಇಲ್ಲವೋ... ಮುಖ ತಿರುಗಿಸಿಕೊಂಡು, "ಮರದ ಕೊಂಬೆಗೆ ನೇತಾಕಿದ್ದೆ" ಎಂದ.

ಮೀನು ತಿಂದದ್ದಕ್ಕಿಂತ ದೊಡ್ಡ ತಪ್ಪು ಅದು. ಅಪ್ಪ ಸಟಕ್ಕನೆ ಎದ್ದು ಬಂದು ಬಾಗಿಲಲ್ಲಿ ನಿಂತ. "ಬುತ್ತಿ ತಕಂಡೋಯ್ತಿದ್ದೋಳು ನೀನು. ಇವನು ಯೋಳದು ದಿಟವಾ? ನೀ ಏನಾರ ಕಂಡಿದ್ಯಾ?" ಅಪ್ಪನಿಗೆ ಮಗನನ್ನು ಉಳಿಸಿಕೊಳ್ಳುವ ಆಸೆಯಿತ್ತು. ಅದು ನನಗೆ ಆಗಲೇ ತಿಳಿದಿತ್ತು. ತಿಳಿಯಲಿಲ್ಲ ಎಂದು ಈಗ ಬರೆದರೆ ಸುಳ್ಳಾಗುತ್ತದೆ.

"ನಂಗೇನೂ ಗೊತ್ತಿಲ್ಲ ಕಣಪ್ಪ" ಎಂದೆ.

ಹಿರಿಯರು ಅವನನ್ನು ಕುಲದಿಂದ ಹೊರಗಿಟ್ಟರು. ಅವತ್ತೇ ಅಣ್ಣ ಹೊರಟ. ಬಟ್ಟೆಯ ಗಂಟು ಹಿಡಿದು ನನ್ನ ಮುಂದೆಯೇ ಹಾದುಹೋದ. ಬಯ್ಯಲಿಲ್ಲ. "ಮದ್ವೆಗೆ ಇರಕ್ಕಾಗಲ್ಲ ಕಣಮ್ಮಿ" ಎಂದಷ್ಟೇ ಹೇಳಿದ.

ಮದುವೆ ಆಯಿತು. ಎಳಂದೂರಿನಲ್ಲಿ ಮಕ್ಕಳು, ಮನೆ, ಎಮ್ಮೆ, ಎಲ್ಲವೂ ಆಯಿತು. ಅಪ್ಪ ಮಗನ ಹೆಸರೆತ್ತದೆ ತೀರಿಕೊಂಡ. ಹನೂರು ಕಡೆಯಿಂದ ಬಂದ ಹತ್ತಿ ವ್ಯಾಪಾರದವನೊಬ್ಬ, ಅಣ್ಣ ತಮಿಳುನಾಡಿನ ಗಡಿಯ ಹೊಳೆಪಾತ್ರದಲ್ಲಿ ಹರಗೋಲು ನಡೆಸುತ್ತಿದ್ದಾನೆ, ಮೀನುಗಾರರ ಹುಡುಗಿಯನ್ನು ಮದುವೆಯಾಗಿದ್ದಾನೆ ಎಂದ. "'ನಮ್ಮಮ್ಮಿ ಚೆನ್ನಾಗವ್ಳಾ?' ಅಂತ ಕೇಳ್ದ" ಎಂದೂ ಹೇಳಿದ. ಚೆನ್ನಾಗಿದ್ದೇನೆಂದು ಹೇಳಿ ಕಳಿಸಿದೆ. ಬಾ ಎಂದು ಹೇಳಿಕಳಿಸುವ ಧೈರ್ಯ ಬರಲಿಲ್ಲ. ಮುಂದಿನ ವರ್ಷ ನೋಡೋಣ ಎಂದುಕೊಂಡೆ, ಮತ್ತೆ ಮುಂದಿನ ವರ್ಷ... ಕೊನೆಗೆ ಅದೇ ವ್ಯಾಪಾರದವನು ಅಣ್ಣ ಜ್ವರದಲ್ಲಿ ಹೋದನೆಂದು ತಿಳಿಸಿದ. ಮಣ್ಣು ಮಾಡಿ ತಿಂಗಳುಗಳೇ ಆಗಿದ್ದವು.

ಆ ಚಪ್ಪಲಿಯ ವಾಸನೆ ಬಡಿದ ಮರುದಿನ ನಾನು ಬಸ್ಸು ಹತ್ತಿದೆ. ಕೊಳ್ಳೇಗಾಲದಲ್ಲಿ ಒಂದು ಬಸ್ಸು, ಹನೂರಿನಲ್ಲಿ ಇನ್ನೊಂದು. ಅವನ ಹೆಂಡತಿ ಹೊಳೆ ಬಿಟ್ಟು ಮಾರ್ಟಳ್ಳಿಯ ತವರಿಗೆ ಬಂದಿದ್ದಾಳೆಂದು ಕೇಳಿದ್ದೆ. ಹುಡುಕಿಕೊಂಡು ಹೋದೆ. ಹಂಚಿನ ಮನೆ, ಬಾಗಿಲಲ್ಲಿ ರಾಗಿ ಕೇರುತ್ತಿದ್ದ ಹೆಂಗಸು. ನಾನು ಯಾರೆಂದು ಹೇಳಿದಾಗ ಮೊರ ಕೆಳಗಿಟ್ಟು, ಚಾಪೆ ಹಾಸಿ, ನೀರು ತಂದಳು. ಕೊಡಲೋ ಬೇಡವೋ ಎಂದು ಚೊಂಬು ಹಿಡಿದೇ ನಿಂತಿದ್ದಳು. ನಾನು ಈಸಿಕೊಂಡು ಕುಡಿದೆ.

ಅವಳ ಕನ್ನಡದಲ್ಲಿ ತಮಿಳು ಬೆರೆತಿತ್ತು. "ಅವರು ಕಡೇವರ್ಗೂ ಒಂದು ತುಂಡು ಮೀನು ತಿನ್ನಲೇ ಇಲ್ಲ, ಅಕ್ಕಾ. ನಾನು ಮನೇಲಿ ಮೀನು ಕೊಳಂಬು ಕಾಯಿಸಿದ್ರೆ, ಅವರು ತಟ್ಟೆ ತಕೊಂಡು ವಾಸಲಲ್ಲಿ, ಬಾಗಿಲಾಚೆ, ಕೂತು ಮೊಸರನ್ನ ತಿಂತಿದ್ರು. ನಮ್ಮ ಜನ ಎಲ್ಲಾ ನಗ್ತಿದ್ರು. ಮೀನು ತಿನ್ನದ ಮೀನುಗಾರ ಅಂತ." ಹೇಳುತ್ತಾ ಅವಳೂ ಸ್ವಲ್ಪ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಊರಲ್ಲಿ ಏನಾಯ್ತು ಅಂತ ಎಷ್ಟೋ ಸಲ ಕೇಳಿದೆ. ಹೇಳಲಿಲ್ಲ. ಯಾರ ಮೇಲೂ ಒಂದು ತಪ್ಪು ಹೇಳಲಿಲ್ಲ."

ಕೇಳಬೇಕಾದವನು ಅಲ್ಲಿರಲಿಲ್ಲ. ಅವನ ಬದಲಿಗೆ ಕೇಳಿಸಿಕೊಳ್ಳಲು ಲೋಕದಲ್ಲಿ ಇವಳೊಬ್ಬಳೇ ಉಳಿದಿದ್ದಳು. ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಇಷ್ಟು ವರ್ಷ ಗಂಟಲಲ್ಲೇ ಇದ್ದದ್ದು ಜೋರಾಗಿಯೇ ಬಂತು. ಪಕ್ಕದ ಮನೆಯವರು ಇಣುಕಿ ನೋಡಿದರು.

"ಅತ್ತಿಗೆ, ಅವನ್ಯಾವತ್ತೂ ಲಿಂಗವ ಕೊಂಬೆಗೆ ನೇತಾಕ್ದೋನಲ್ಲ. ನನ್ ಕೈಲಿತ್ತು. ಅಪ್ಪ ಕೇಳ್ದಾಗ ನಾ ಯೋಳ್ನಿಲ್ಲ. ತಪ್ಪಾಯ್ತು, ಅಣ್ಣ... ನಂದು ತಪ್ಪಾಯ್ತು."