ಜರಿ ಅಂಚಿನ ರಬ್ಬರ್ ಸೀಗಡಿ

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎಂದು ನಮ್ಮತ್ತೆ ಹೇಳುತ್ತಿದ್ದರು. ಅತ್ತೆ ಈಗಿಲ್ಲ. ನಾನೂ ಸ್ಕೂಲಿನಲ್ಲಿ ಹಾಜರಿ ಕೂಗಿ ಕೂಗಿ ನಿವೃತ್ತಳಾದ ವಿಮಲಮ್ಮ ಮೇಡಂ, ಯಾವ ಹೆಸರಿಗೂ ಹೆದರುವವಳಲ್ಲ. ಚಿಕ್ಕಣ್ಣ. ಹೇರೋಹಳ್ಳಿಯ ಹಳೇ ಮನೆತನದವರು, ಜೀವನವೆಲ್ಲ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತವರು. ಇದು ಅವರ ಕಥೆ. ಅವರಂತೂ ಓದುವುದಿಲ್ಲ, ಏಕೆಂದರೆ ಕನ್ನಡಕ ಹುಡುಕಿ ಕೊಡಬೇಕಾದವಳು ನಾನೇ.

ರಿಟೈರ್ ಆದ ಮೇಲೆ ಈ ಮನುಷ್ಯ ಟೀವಿ ಮುಂದೆ ಕೂತುಬಿಟ್ಟರು. ಟೀವಿ ಆನ್ ಇದೆಯೋ ಆಫ್ ಇದೆಯೋ ಅವರಿಗೇ ಗೊತ್ತಿರುತ್ತಿರಲಿಲ್ಲ. ಮೊದಲೆಲ್ಲ ಶೇವಿಂಗ್ ಮಾಡುವಾಗ, ಬೂಟು ಹಾಕಿಕೊಳ್ಳುವಾಗ ಏನಾದರೊಂದು ಗುನುಗುತ್ತಿದ್ದರು. ರಾಗ ಇಲ್ಲ, ತಾಳ ಇಲ್ಲ, ಕೇಳಿ ಕೇಳಿ ನನಗೆ ತಲೆನೋವು. ಅದು ನಿಂತುಹೋಯಿತು. ತಲೆನೋವು ಹೋಯಿತಲ್ಲ ಎಂದು ಖುಷಿಪಡಬೇಕಾದವಳು ಅಡುಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದೆ.

ನನ್ನ ತಮ್ಮ ತಿಮ್ಮಯ್ಯ ಇವರನ್ನು ಎಬ್ಬಿಸಿ ಮೀನು ಹಿಡಿಯಲು ಕರೆದುಕೊಂಡು ಹೋಗತೊಡಗಿದ. ತಿಮ್ಮಯ್ಯ ಹುಟ್ಟುವಾಗಲೇ ಕೈಯಲ್ಲಿ ಗಾಳ ಹಿಡಿದುಕೊಂಡು ಬಂದವನು. ಎರೆಹುಳು, ರಾಗಿಹಿಟ್ಟಿನ ಉಂಡೆ, ಇವೆರಡು ಬಿಟ್ಟು ಮೂರನೆಯದನ್ನು ನಂಬಿದವನಲ್ಲ. ನಮ್ಮವರು ಮಾತ್ರ ಮೊಬೈಲಿನಲ್ಲಿ ರಬ್ಬರ್ ಟ್ಯೂಬ್ ನೋಡಿ ಮರುಳಾದರು. ಬೆರಳುದ್ದದ ಮೆತ್ತನೆಯ ಕೊಳವೆ, ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ತುದಿಯನ್ನು ಎಳೆ ಎಳೆಯಾಗಿ ಸೀಳಿರುತ್ತಾರೆ. ಒಳಗೆ ಗಾಳ ಅಡಗಿಸಿ ನೀರಿಗೆ ಬಿಟ್ಟರೆ ಸೀಗಡಿಯ ಹಾಗೆ ಕಾಲಾಡಿಸುತ್ತದಂತೆ.

"ಭಾವ, ರಬ್ಬರ್ ತಿನ್ನೋಕೆ ಮೀನೇನು ಪೆದ್ದಾ?" ಎಂದು ತಿಮ್ಮಯ್ಯ ನಕ್ಕ.

"ಮಾಡಿ ತೋರಿಸ್ತೀನಿ ನೋಡೋ," ಎಂದರು ಇವರು.

ಶುರುವಾಯಿತು ನೋಡಿ. ಮೀನು ಹಿಡಿಯುವ ಗೆಳೆಯರು ಗಾಳಕ್ಕೆ ಸಿಕ್ಕಿಸಿ, ಹರಿದ ಮೇಲೆ ಎಸೆದ ರಬ್ಬರ್ ಹುಳುಗಳೆಲ್ಲ ಡಬ್ಬ ತುಂಬಿ ಮನೆಗೆ ಬಂದವು. ನಾನು ಹಾಲು ಕಾಯಿಸುವ ಪಾತ್ರೆ ಮಾಯವಾಯಿತು. ಹುಡುಕಿದರೆ ಅದರೊಳಗೆ ನೇರಳೆ ಬಣ್ಣದ ರಬ್ಬರ್ ಕರಗಿ ಕೂತಿದೆ! ಇಡೀ ಮನೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಉಗಿದು, ಸ್ಟೌವ್ ಸಮೇತ ಮಹಡಿ ಮೇಲಕ್ಕೆ ಓಡಿಸಿದೆ. ಅಲ್ಲಿ ಗಾಳಿಗೆ ಬೆನ್ನು ಕೊಟ್ಟು, ತುದಿ ನುಣ್ಣಗೆ ಮಾಡಿದ ಸ್ಟೀಲ್ ಸರಳನ್ನು ಕರಗಿದ ರಬ್ಬರಿನಲ್ಲಿ ಅದ್ದುವುದು, ಎತ್ತುವುದು, ಆರಿಸುವುದು, ಮತ್ತೆ ಅದ್ದುವುದು. ಒಂದು ಸಂಜೆ ಬಟ್ಟೆ ತೆಗೆಯಲು ಹತ್ತುತ್ತಿದ್ದೆ, ಮೇಲಿನಿಂದ ಗುನುಗುವ ಸದ್ದು ಕೇಳಿಸಿತು. ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಎಷ್ಟು ಸಂತೋಷವಾಯಿತು ಎಂದರೆ ಹಾಲಿನ ಪಾತ್ರೆಯ ವಿಷಯ ಎತ್ತಲೇ ಇಲ್ಲ.

ತೊಂದರೆ ಇದ್ದದ್ದು ಒಂದೇ. ಸರಳಿನಿಂದ ಎಳೆಯುವಾಗ ಟ್ಯೂಬು ಅಂಟಿಕೊಂಡು ಹರಿದುಹೋಗುತ್ತಿತ್ತು. ನಾನು ಮುದ್ದೆ ಕಟ್ಟುತ್ತಿದ್ದಾಗ ಬಂದು ಕೇಳಿದರು, "ವಿಮಲಾ, ಅಂಟದೇ ಇರೋಕೆ ಏನ್ ಮಾಡ್ಬೇಕು?"

"ನೀರು ಮುಟ್ಕೊಂಡ್ರೆ ಆಯ್ತಪ್ಪ. ಇಷ್ಟು ವರ್ಷ ಮುದ್ದೆ ತಿಂದಿದೀರ, ಅಷ್ಟೂ ಗೊತ್ತಿಲ್ವಾ?"

ಹೋಗಿ ಸರಳನ್ನು ನೀರಿನಲ್ಲಿ ನೆನೆಸಿ ಕುದಿಯುವ ರಬ್ಬರಿಗೆ ಅದ್ದಿದ್ದಾರೆ, ಪುಣ್ಯಾತ್ಮ! ಸಾಸಿವೆ ಸಿಡಿದ ಹಾಗೆ ಚಟಪಟ ಸಿಡಿಯಿತು. ಹಿಂದಕ್ಕೆ ಹಾರಿದ್ದರಿಂದ ಮುಖ ಉಳಿಯಿತು. ಆದರೆ ಮಗಳ ಮದುವೆಯಲ್ಲಿ ಉಟ್ಟ ಜರಿ ಅಂಚಿನ ಸೀರೆಯನ್ನು ಗಾಳಿಗೆ ಅಂತ ಅಲ್ಲೇ ಹರವಿದ್ದೆ. ಅಂಚಿನ ತುಂಬ ತೂತು.

"ನೀನೇ ಹೇಳಿದ್ದಲ್ವೇನೇ?" ಎಂದರು.

"ನಾನು ಹೇಳಿದ್ದು ಮುದ್ದೆಗೆ!"

ಭಯವೂ ಸಿಟ್ಟೂ ಒಟ್ಟಿಗೆ ಬಂದಿದ್ದವು, ಬಾಯಿಗೆ ಬಂದಂತೆ ಕೂಗಾಡಿದೆ. ತಿಮ್ಮಯ್ಯನೂ ಎದುರಿಗೇ ಇದ್ದ. "ಬರೋ ಭಾನುವಾರದೊಳಗೆ ಈ ರಬ್ಬರ್‌ಗೆ ಒಂದು ಮೀನು ಬೀಳ್ಲಿ. ಬೀಳ್ಲಿಲ್ವೋ, ಸೋಮವಾರ ಸ್ಟೌವು, ಪಾತ್ರೆ, ಸರಳು ಎಲ್ಲಾ ಗುಜರಿಗೆ!"

"ಆಯ್ತು ಬಿಡು," ಎಂದರು. ಅಷ್ಟೇ. ಅವರು ಆಯ್ತು ಎಂದರೆ ಆಯ್ತೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ರಾತ್ರಿ ಅವರು ಟೀವಿ ಮುಂದೆ ಹೋಗಿ ಕೂತರು, ಟೀವಿ ಹಾಕಲಿಲ್ಲ. ಗುಜರಿಗೆ ಹೋಗುವುದು ಬರೀ ಪಾತ್ರೆ ಅಲ್ಲ ಎಂದು ಅರ್ಥವಾಯಿತು. ಆದರೆ ತಮ್ಮನ ಮುಂದೆ ಆಡಿದ ಮಾತನ್ನು ಹೇಗೆ ವಾಪಸ್ ತೆಗೆದುಕೊಳ್ಳಲಿ? ನನಗೂ ಮರ್ಯಾದೆ ಇಲ್ಲವೇ?

ಮಾರನೇ ದಿನ ಎಣ್ಣೆ ಬಟ್ಟಲು ಹಿಡಿದು ಮಹಡಿ ಹತ್ತಿದೆ. ಒಬ್ಬಟ್ಟು ತಟ್ಟುವ ಮೊದಲು ಎಲೆಗೆ ಎಣ್ಣೆ ಸವರುತ್ತೇವಲ್ಲ, ಹಾಗೆ ಸರಳಿಗೆ ತೆಳ್ಳಗೆ ಸವರಿ ಒರೆಸಿ ಕೊಟ್ಟೆ. ಅದ್ದಿ, ಆರಿಸಿ, ಎಳೆದರು. ಟ್ಯೂಬು ಸುಲಭವಾಗಿ ಜಾರಿ ಕೈಗೆ ಬಂತು! ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಸೀರೆಯ ಅಂಚು ಹೇಗೂ ಕೆಟ್ಟಿತ್ತು. ಜರಿಯನ್ನು ಸಣ್ಣಗೆ ಕತ್ತರಿಸಿ ನಾನೇ ರಬ್ಬರಿಗೆ ಉದುರಿಸಿದೆ. ನೇರಳೆ ಬಣ್ಣದಲ್ಲಿ ಚಿನ್ನ ಮಿನುಗಿತು. ಬ್ಲೇಡಿನಿಂದ ಕಾಲುಗಳನ್ನು ಸೀಳುತ್ತ ಅವರು ಮತ್ತೆ ಗುನುಗತೊಡಗಿದರು.

ಭಾನುವಾರ ಚಿತ್ರಾನ್ನದ ಡಬ್ಬಿ ಹಿಡಿದು ನಾನೂ ಹೊರಟೆ. ಕೆಂಗೇರಿ ಆಚೆ ಒಂದು ಕೆರೆ, ಮೀನಿನ ಟೆಂಡರ್ ಹಿಡಿದವರು ತಿಮ್ಮಯ್ಯನಿಗೆ ಪರಿಚಯ. ತಿಮ್ಮಯ್ಯ ಹುಳು ಹಾಕಿದ್ದೇ ತಡ, ಒಂದರ ಹಿಂದೆ ಒಂದು ಜಿಲೇಬಿ ಮೀನು ಎತ್ತಿದ. ಇವರು ಎಸೆಯುತ್ತಾರೆ, ಎಳೆಯುತ್ತಾರೆ, ಜೊಂಡು ಬಿಡಿಸುತ್ತಾರೆ. ನಾನು ಮನೆದೇವರಿಗೆ ಹರಕೆ ಹೊತ್ತೆ. ಮೀನಿಗೋಸ್ಕರ ಹರಕೆ ಹೊತ್ತ ಮೊದಲ ಟೀಚರ್ ನಾನೇ ಇರಬೇಕು.

ಬಿಸಿಲು ಇಳಿಯುವ ಹೊತ್ತಿಗೆ ಅವರ ಕೋಲು ಬಿಲ್ಲಿನ ಹಾಗೆ ಬಾಗಿತು. "ವಿಮಲಾ! ಬಿತ್ತು ಕಣೇ!" ಎಂದು ಕೂಗಿದರು. ನಾನು ಡಬ್ಬಿ ಎಸೆದು ಓಡಿದೆ. ಜೊಂಡಿನ ಬುಡದಲ್ಲಿ ದೊಡ್ಡದೊಂದು ಬಾಲ ನೀರನ್ನು ಬಡಿಯಿತು, ದಾರ ಪಟ್ ಎಂದು ಹರಿಯಿತು. ಮೀನೂ ಇಲ್ಲ, ಟ್ಯೂಬೂ ಇಲ್ಲ.

"ಜೊಂಡಿಗೆ ಸಿಕ್ಕಿರ್ಬೇಕು ಬಿಡಿ ಭಾವ," ಎಂದ ತಿಮ್ಮಯ್ಯ. ಅದೇ ಜೊಂಡಿನ ಪಕ್ಕಕ್ಕೆ ತನ್ನ ಹುಳು ಇಳಿಬಿಟ್ಟು, ಹೊರಡುವ ಮುಂಚೆ ಮೊಳದುದ್ದದ ಕೊರಮೀನು ಬೇರೆ ಎತ್ತಿದ. ಅವನ ಮೀಸೆಯ ಜಂಭ ನೋಡಲಾಗುತ್ತಿರಲಿಲ್ಲ.

ಮನೆಗೆ ಬಂದವರೇ ಇವರು ಸ್ಟೌವು, ಪಾತ್ರೆ, ಸರಳು ಮೂರನ್ನೂ ಮಹಡಿಯಿಂದ ಇಳಿಸಿ ಗೇಟಿನ ಪಕ್ಕ ಸಾಲಾಗಿ ಇಟ್ಟರು. ತಮ್ಮನೂ ಊಟಕ್ಕೆಂದು ಜೊತೆಗೇ ಬಂದಿದ್ದ, ಅವನೆದುರು ಬೇಡ ಎನ್ನಲು ನನ್ನ ಮರ್ಯಾದೆ ಬಿಡಲಿಲ್ಲ. ಆ ಸಿಟ್ಟನ್ನೆಲ್ಲ ಅವನು ಸಾರಿಗೆ ಕೊಟ್ಟ ಕೊರಮೀನಿನ ಮೇಲೆ ತೀರಿಸಿಕೊಂಡೆ. ಒಗೆಯುವ ಕಲ್ಲಿನ ಮೇಲೆ ಬೂದಿ ಹಾಕಿ ತಿಕ್ಕಿದೆ, ತಲೆ ಕತ್ತರಿಸಿದೆ. ಗಂಟಲಲ್ಲಿ ಏನೋ ಮಿಣುಕಿತು. ಬೆರಳು ಹಾಕಿ ಎಳೆದೆ.

ನೇರಳೆ ಬಣ್ಣ. ಸೀಳಿದ ಕಾಲುಗಳು. ನನ್ನ ಸೀರೆಯ ಜರಿ!

"ರೀ! ಬನ್ರೀ ಇಲ್ಲಿ! ಬೇಗ ಬನ್ರೀ!"

ಕೇರಿಯೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದೆನಂತೆ. ಓಡಿ ಬಂದವರು ಅದನ್ನು ನಲ್ಲಿಯ ಕೆಳಗೆ ತೊಳೆದು ಬೆಳಕಿಗೆ ಹಿಡಿದರು. "ನಮ್ದೇ ಕಣೇ," ಎಂದರು. ನಂದು ಎನ್ನಲಿಲ್ಲ.

"ಅಕ್ಕ, ಮೀನು ಸಿಕ್ಕಿದ್ದು ನನ್ನ ಹುಳಕ್ಕೆ," ಎಂದು ತಿಮ್ಮಯ್ಯ ಮೀಸೆ ಎಳೆದುಕೊಂಡ.

"ಸುಮ್ನಿರೋ! ಅದು ನಿಮ್ಮ ಭಾವನ ಹತ್ರ ಊಟ ಮುಗಿಸ್ಕೊಂಡು ಬಂದಿತ್ತು. ನೀನು ಎಲೆ ಅಡಿಕೆ ಕೊಟ್ಟೆ, ಅಷ್ಟೇ!"

ಇವರು ನಕ್ಕ ನಗು! ನಕ್ಕು ನಕ್ಕು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ನಾನು ಗೇಟಿಗೆ ಹೋಗಿ, ಮೀನಿನ ಕೈಯಲ್ಲೇ, ಸ್ಟೌವ್ ಎತ್ತಿಕೊಂಡು ಮಹಡಿ ಹತ್ತಿದೆ. ಸಾರು ಉಂಡು ಹೊರಡುವಾಗ ತಿಮ್ಮಯ್ಯ ಬಾಗಿಲಲ್ಲಿ ನಿಂತು, "ಭಾವ, ನಂಗೂ ಎರಡು ಮಾಡ್ಕೊಡಿ, ಜರಿ ಹಾಕಿ," ಎಂದು ಮೆಲ್ಲಗೆ ಕೇಳಿದ.

ಸೋಮವಾರ ಗುಜರಿಯವನು ಬಂದು ಕೂಗಿದ. ಏನೂ ಇಲ್ಲ ಹೋಗಪ್ಪಾ ಎಂದೆ. ಮಹಡಿಯ ಮೇಲಿನಿಂದ ಗುನುಗುವುದು ಕೇಳಿಸುತ್ತಿತ್ತು, ರಾಗ ಇಲ್ಲ, ತಾಳ ಇಲ್ಲ. ಹಾಲಿನ ಪಾತ್ರೆಯೂ ಮತ್ತೆ ಮೇಲೇರಿದ್ದರಿಂದ ಒಗ್ಗರಣೆ ಬಾಣಲೆಯಲ್ಲಿ ಹಾಲು ಕಾಯಿಸಿ, ಎರಡು ಲೋಟ ಕಾಫಿ ಮಾಡಿಕೊಂಡು ಮಹಡಿ ಹತ್ತಿದೆ.