ಬಾಲ ತುಂಡಾದ ಪ್ರೋಟೀನು

ಪ್ರೋಟೀನಿನ ಹರಳು ಬೆಳೆಸುವುದು ಅವಳ ಕೆಲಸ. ಲ್ಯಾಬಿನಲ್ಲಿ ಎಲ್ಲರಿಗೂ ಅವಳು ಹರಳಕ್ಕ. ಪ್ರೋಟೀನನ್ನು ಶುದ್ಧಮಾಡಿ ಅವಳ ಕೈಗೆ ಕೊಡುತ್ತಿದ್ದವಳು ಒಡಹುಟ್ಟಿದ ತಂಗಿ. ಒಂದೇ ಮನೆ, ಒಂದೇ ಬಸ್ಸು, ಒಂದೇ ಲ್ಯಾಬು. ಜಗಳಕ್ಕೆ ಬೇರೆ ಜಾಗ ಹುಡುಕಬೇಕಾಗಿರಲಿಲ್ಲ.

ಆ ಸಲ ಏನು ಮಾಡಿದರೂ ಹರಳು ನೆಟ್ಟಗೆ ಬರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಹರಳು ಬೆಳೆಯಲೆಂದು ಇಟ್ಟ ಪ್ರೋಟೀನಿನ ಹನಿಯ ತುಂಬ ಮುಳ್ಳುಹಂದಿಯಂಥ ಸೂಜಿಗಳ ಗೊಂಚಲು. ಕಣ್ಣಿಗೆ ಚೆಂದ ಕಂಡ ಒಂದೆರಡನ್ನು ಎಕ್ಸ್‌ರೇಗೆ ಹಿಡಿದರೆ ಚಿತ್ರದಲ್ಲಿ ಮೂಡುವ ಚುಕ್ಕಿಗಳೆಲ್ಲ ಕಲಸಿಹೋಗಿ, ಪ್ರೋಟೀನಿನ ಆಕಾರ ತಿಳಿಯುವ ಹಾಗೇ ಇರಲಿಲ್ಲ.

"ನಿಮ್ಮ ಕೈ ಯಾಕೋ ಕೆಟ್ಟಿದೆ," ಎಂದರು ಹರಳಕ್ಕನಿಗೆ ಲ್ಯಾಬಿನ ಮುಖ್ಯಸ್ಥರು, ಎಲ್ಲರೆದುರಿಗೇ. ತಂಗಿ ತಲೆತಗ್ಗಿಸಿ ಕೂತಿದ್ದಳು.

ಸಂಜೆ ಪಾತ್ರೆ ತೊಳೆಯುತ್ತಾ ತಂಗಿ ಬಾಯಿಬಿಟ್ಟಳು. "ಅಕ್ಕಾ, ಕೊನೇ ಸಲದ ಶುದ್ಧಿ ಮಾಡ್ಲಿಲ್ಲ. ಟೈಮಿಲ್ಲ, ಬಿಟ್ಬಿಡು ಅಂದ್ರು ಸರ್. ಬಾಲ ತುಂಡಾದ ಪ್ರೋಟೀನು ಅದ್ರಲ್ಲೇ ಉಳ್ಕೊಂಡಿದೆ."

ಅಕ್ಕನ ಮೈ ಉರಿದುಹೋಯಿತು. ಬೇರೆ ಕಸವಾಗಿದ್ದರೆ ಹರಳು ಅದನ್ನು ಬಹುಪಾಲು ಹೊರಗೇ ಬಿಡುತ್ತಿತ್ತು. ಬಾಲ, ಅಂದರೆ ಪ್ರೋಟೀನಿನ ಸರಪಳಿಯ ತುದಿ, ತುಂಡಾದದ್ದು ಮಿಕ್ಕಂತೆ ಒಳ್ಳೆಯದರ ಹಾಗೇ ಇರುತ್ತದೆ, ಸಾಲಿನಲ್ಲಿ ಬಂದು ಕೂತುಬಿಡುತ್ತದೆ. ಅದರ ಪಕ್ಕಕ್ಕೆ ಬಂದದ್ದಕ್ಕೆ ಹಿಡಿದುಕೊಳ್ಳಲು ಬಾಲ ಸಿಗುವುದಿಲ್ಲ. ಅಲ್ಲಿಂದ ಸಾಲು ಸೊಟ್ಟ.

"ನನ್ನ ಮುಖಕ್ಕೆ ಮಸಿ ಬಳೀತಿದ್ರೆ ನೋಡ್ಕೊಂಡು ಕೂತಿದ್ದೆಯಲ್ಲೇ?"

"ಹೆದರಿಕೆ ಆಯ್ತಕ್ಕಾ."

"ನಂಗೂ ಹೆದರಿಕೆ ಆಗುತ್ತೆ. ಹಾಗಂತ ನಿನ್ನನ್ನ ಯಾವತ್ತಾದ್ರೂ ಸಿಕ್ಕಿಹಾಕ್ಸಿದ್ದೀನಾ?"

ಮರುದಿನ ಅವಳು ನೇರ ಮುಖ್ಯಸ್ಥರ ಕೋಣೆಗೆ ಹೋದಳು. "ಪೂರ್ತಿ ಶುದ್ಧಮಾಡಿ ಕೊಡೋ ತನಕ ನಾನು ಒಂದು ಹನಿಯನ್ನೂ ಇಡಲ್ಲ ಸರ್."

"ನನಗೇ ಪಾಠ ಹೇಳ್ತೀರಾ?"

"ಪಾಠ ನಿಮಗೆ ಗೊತ್ತು ಸರ್. ಗೊತ್ತಿದ್ದೂ ತಪ್ಪನ್ನ ನನ್ನ ತಲೆಗೆ ಕಟ್ಟಿದ್ರಲ್ಲ, ಅದಕ್ಕೇ ಸಿಟ್ಟು."

ಅವರು ಕೆಲಸವನ್ನು ಇನ್ನೊಬ್ಬನಿಗೆ ಕೊಟ್ಟರು. ಅವನ ಹನಿಗಳಲ್ಲೂ ಅದೇ ಸೂಜಿ. ಬೇರೆ ದಾರಿ ಕಾಣದೆ ತಂಗಿಗೆ ಸಮಯ ಕೊಟ್ಟು, ಹರಳಕ್ಕನನ್ನೇ ಮತ್ತೆ ಕರೆದರು. ಈ ಸಲ ಕೈಗೆ ಬಂದ ಪ್ರೋಟೀನು ಅರ್ಧಕ್ಕರ್ಧ ಕಡಿಮೆ. ಆದರೆ ಹರಳು ನಿಧಾನವಾಗಿ, ಅಂಚು ಚೂಪಾಗಿ, ಗಾಜಿನಂತೆ ಬೆಳೆದವು. ಎಕ್ಸ್‌ರೇ ಚುಕ್ಕಿಗಳು ಚಿತ್ರದ ಅಂಚಿನವರೆಗೂ ಸ್ಪಷ್ಟ.

ಸಭೆಯಲ್ಲಿ ಮುಖ್ಯಸ್ಥರು, "ಇದು ನಮ್ಮ ತಾಳ್ಮೆಗೆ ಸಿಕ್ಕ ಫಲ," ಎಂದರು. ಚಪ್ಪಾಳೆ ಬಿತ್ತು. ಆಗ ತಂಗಿ ಎದ್ದು ಹೇಳಿದಳು: "ಮೊದಲು ಕೆಟ್ಟಿದ್ದು ಅಕ್ಕನಿಂದಲ್ಲ. ನೀವು ಬಿಡು ಅಂದ್ರಿ, ನಾನು ಬಿಟ್ಟೆ."

ಮುಖ್ಯಸ್ಥರು ಮುಂದಿನ ಚಿತ್ರ ತೋರಿಸಿದರು.

ಅಕ್ಕನಿಗೆ ತಂಗಿಯ ಮೇಲಿದ್ದ ಸಿಟ್ಟು ಆ ಹೊತ್ತಿಗೇ ಅರ್ಧ ಇಳಿದಿತ್ತು. ಮುಖ್ಯಸ್ಥರ ಮೇಲಿನದು ಇಳಿಯಲಿಲ್ಲ. ಹರಳಕ್ಕ ಬೇರೆ ಲ್ಯಾಬು ಹುಡುಕಿಕೊಂಡು ಹೋದಳು. ಇವತ್ತಿಗೂ ಅವರ ಮಾತೆತ್ತಿದರೆ ಹುಬ್ಬು ಗಂಟಿಕ್ಕುತ್ತಾಳೆ.